ಐತೀರ್ಪು ಮತ್ತು ಕಾಯದೆ: 1996ರ ಮಧ್ಯಸ್ಥಿಕೆ ಶಾಸನದ ವಿಮರ್ಶೆ

ಸೂರತ್ ನಗರದ ದಕ್ಷಿಣ ಭಾಗದಲ್ಲಿ, ಉಧನಾ ರೈಲು ನಿಲ್ದಾಣಕ್ಕೆ ಹೆಚ್ಚು ದೂರವಲ್ಲದೆ, ಪಾಂಡೇಸರಾ ಕೈಗಾರಿಕಾ ವಸಾಹತು ಇದೆ. ಇಲ್ಲಿಯ ಬಣ್ಣದ ಗಿರಣಿಗಳೊಳಗೆ ಬರುವ ಬಟ್ಟೆ ಸಾಮಾನ್ಯವಾಗಿ ಗಿರಣಿಯವರದಲ್ಲ. ಮಗ್ಗದಿಂದ ಇಳಿದ ಕೋರಾ ಬಟ್ಟೆಯನ್ನು, ಅಂದರೆ ಸೂರತಿನ ಮಾತಿನಲ್ಲಿ ‘ಗ್ರೇ’ಯನ್ನು, ಕೊಂಡವನು ರಿಂಗ್ ರೋಡಿನ ವರ್ತಕ, ಅದನ್ನು ತೊಳೆದು, ಬಣ್ಣ ಕಟ್ಟಿ, ಅಚ್ಚು ಹೊಡೆದು, ಮೀಟರಿಗೆ ಇಷ್ಟೆಂದು ಕೂಲಿ ಪಡೆದು ಹಿಂದಿರುಗಿಸುವವನು ಪಾಂಡೇಸರಾದ ಗಿರಣಿಕಾರ. ‘ಜಾಬ್ ವರ್ಕ್’ ಎಂದು ಇದಕ್ಕೆ ಹೆಸರು. ಬಣ್ಣದ ಛಾಯೆ ಮಾದರಿಗೆ ಹೊಂದಲಿಲ್ಲ, ಬಟ್ಟೆ ಹೇಳಿದುದಕ್ಕಿಂತ ಹೆಚ್ಚು ಕುಗ್ಗಿತು, ಥಾನಿನಲ್ಲಿ ತುಂಡುಗಳು ಹೆಚ್ಚಾದವು, ಹಬ್ಬ ಕಳೆದ ಮೇಲೆ ಮಾಲು ಬಂದಿತು ಎಂಬುದು ವರ್ತಕನ ದೂರು. ಕೂಲಿಯ ಹಣ ತಿಂಗಳುಗಟ್ಟಲೆ ಬರಲಿಲ್ಲ, ಬಂದುದರಲ್ಲಿಯೂ ಕಾರಣ ಹೇಳದೆ ಕಡಿತವಾಯಿತು ಎಂಬುದು ಗಿರಣಿಕಾರನ ದೂರು. ಇವರಿಬ್ಬರ ನಡುವೆ ದಲಾಲ, ಆಡತಿಯಾ ಮುಂತಾದವರು. ಆಚೆಗೆ ಚಿಕ್ಕಪೇಟೆಯ, ಹುಬ್ಬಳ್ಳಿಯ, ದಾವಣಗೆರೆಯ ಅಂಗಡಿಗಾರ. ಈ ಸರಪಳಿಯ ಯಾವ ಕೊಂಡಿಯಲ್ಲಿ ಬಿರುಕು ಬಿಟ್ಟರೂ ಅದರ ಸದ್ದು ಮೊದಲು ಕೋರ್ಟಿನಲ್ಲಿ ಕೇಳಿಸುವುದಿಲ್ಲ. ದಲಾಲನು ಇಬ್ಬರನ್ನೂ ಕೂರಿಸಿ ಮಾತನಾಡಿಸುತ್ತಾನೆ. ಅವನಿಂದ ಆಗದಿದ್ದರೆ ವರ್ತಕ ಸಂಘದ ಹಿರಿಯರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಇಷ್ಟು ಕೊಡು, ಇಷ್ಟು ಬಿಡು ಎನ್ನುತ್ತಾರೆ.

ಇದೇ ವ್ಯವಹಾರವನ್ನು ದೇಶದ ಶಾಸನ ಹೇಗೆ ಕಾಣುತ್ತದೆ ಎಂಬುದು ಪರಿಶೀಲನೆಗೆ ಅರ್ಹವಾದ ವಿಷಯ. 1996ರ 26ನೆಯ ಕಾಯದೆಯಾದ ‘ಮಧ್ಯಸ್ಥಿಕೆ ಮತ್ತು ರಾಜಿ ಶಾಸನ’ವು ಒಂದೇ ಗ್ರಂಥದಲ್ಲಿ ಮನೆಯ ಜಗಳವನ್ನೂ ಸಮುದ್ರದಾಚೆಯ ಜಗಳವನ್ನೂ ಕಟ್ಟಿ ಇಟ್ಟಿದೆ. ಹೊರನಾಡಿನಲ್ಲಿ ನೆಲಸಿ, ಪರಭಾಷೆಯ ಕರಾರುಗಳಿಗೆ ಸಹಿ ಹಾಕುತ್ತಲೇ ಬದುಕು ಕಟ್ಟಿಕೊಂಡ ಕನ್ನಡಿಗರಿಗೆ, ಅವರು ಇಂಜಿನಿಯರರಾಗಿರಲಿ, ಬಣ್ಣದ ಮಾಸ್ತರರಾಗಿರಲಿ, ಸಣ್ಣ ಗುತ್ತಿಗೆದಾರರಾಗಿರಲಿ, ಈ ಗ್ರಂಥ ಕೇವಲ ವಕೀಲರ ಸೊತ್ತಲ್ಲ. ಸಹಿ ಹಾಕಿದ ದಿನವೇ ಕೋರ್ಟಿನ ಬಾಗಿಲು ಬಹುಮಟ್ಟಿಗೆ ಮುಚ್ಚಿತು ಎಂಬ ಸಂಗತಿ ಅನೇಕರಿಗೆ ತಿಳಿಯುವುದು ಜಗಳ ಹುಟ್ಟಿದ ಮೇಲೆ.

ಮೊದಲು ಶಬ್ದದ ಮಾತು. ಕನ್ನಡದಲ್ಲಿ ‘ಮಧ್ಯಸ್ಥಿಕೆ’ ಎಂಬ ಒಂದೇ ಪದ ಎರಡು ಬೇರೆ ಬೇರೆ ಕ್ರಿಯೆಗಳಿಗೆ ಸಲ್ಲುತ್ತಿದೆ. ಇಬ್ಬರನ್ನೂ ಒಪ್ಪಿಸಿ ರಾಜಿ ಮಾಡಿಸುವವನೂ ಮಧ್ಯಸ್ಥ. ಇಬ್ಬರೂ ಒಪ್ಪದಿದ್ದರೂ ಬಂಧಿಸುವ ತೀರ್ಪು ಕೊಡುವವನೂ ಮಧ್ಯಸ್ಥ. ಮೊದಲಿನವನ ಮಾತನ್ನು ತಳ್ಳಿಹಾಕಿ ಎದ್ದು ಬರಬಹುದು. ಎರಡನೆಯವನ ಮಾತು ಕೋರ್ಟಿನ ಡಿಕ್ರಿಗೆ ಸಮ. ಇಷ್ಟು ಅಂತರವುಳ್ಳ ಎರಡಕ್ಕೆ ಒಂದೇ ಹೆಸರಿಟ್ಟರೆ ಪಾಮರನು ಮೋಸಹೋಗುವುದು ಆಶ್ಚರ್ಯವಲ್ಲ. ಗುಜರಾತಿಯವರೂ ಮರಾಠಿಯವರೂ ತೀರ್ಪುಗಾರನಿಗೆ ‘ಲವಾದ’ ಎಂಬ ಬೇರೆಯೇ ಶಬ್ದವನ್ನು ಉಳಿಸಿಕೊಂಡು ಈ ತೊಡಕಿನಿಂದ ಪಾರಾಗಿದ್ದಾರೆ. ಕನ್ನಡದಲ್ಲಿ ತೀರ್ಪಿಗೆ ಮಾತ್ರ ಒಂದು ಸೊಗಸಾದ ಪದವಿದೆ, ‘ಐತೀರ್ಪು’. ಐವರ, ಎಂದರೆ ಪಂಚರ, ತೀರ್ಪು ಎಂದು ಅದನ್ನು ಬಿಡಿಸಬಹುದು. ಆದರೆ ಕನ್ನಡಿಗರ ಕಿವಿಯಲ್ಲಿ ಆ ಪದ ನದಿಗಳ ಜೊತೆಗೇ ನಿಂತುಬಿಟ್ಟಿದೆ: ಕೃಷ್ಣೆಯ ಐತೀರ್ಪು, ಕಾವೇರಿಯ ಐತೀರ್ಪು. ಅವು ಶಾಸನ ವಿಧಿಸಿದ ನ್ಯಾಯಾಧಿಕರಣಗಳು ಕೊಟ್ಟವು. ಪಕ್ಷಗಳು ತಾವಾಗಿ ಆರಿಸಿದ ಪಂಚರು ಕೊಟ್ಟವಲ್ಲ. ನಿಜವಾದ ಅರ್ಥದ ಐತೀರ್ಪು ಕಾವೇರಿಯ ವಿಷಯದಲ್ಲಿ ಒಮ್ಮೆ ಬಂದುದುಂಟು. ಮೈಸೂರು ಮದರಾಸುಗಳ 1892ರ ಒಡಂಬಡಿಕೆಯಲ್ಲಿ ಭಿನ್ನಾಭಿಪ್ರಾಯವನ್ನು ಪಂಚರಿಗೆ ಒಪ್ಪಿಸುವ ನಿಯಮವಿದ್ದಿತು. ಅದರ ಪ್ರಕಾರ ಅಲಹಾಬಾದಿನ ನ್ಯಾಯಾಧೀಶ ಗ್ರಿಫಿನ್ ಅವರು 1914ರ ಮೇ ತಿಂಗಳಲ್ಲಿ ಕನ್ನಂಬಾಡಿ ಕಟ್ಟೆಯ ವಿಷಯವಾಗಿ ಕೊಟ್ಟ ತೀರ್ಪು ಬಹುಮಟ್ಟಿಗೆ ಮೈಸೂರಿಗೆ ಅನುಕೂಲವಾಗಿದ್ದಿತು. ಮದರಾಸು ಲಂಡನ್ನಿಗೆ ಮೊರೆಹೋಯಿತು, ತೀರ್ಪು ನಡೆಯಲಿಲ್ಲ, ಕಡೆಗೆ 1924ರಲ್ಲಿ ಹೊಸ ಒಡಂಬಡಿಕೆಯೇ ಬೇಕಾಯಿತು. ಪಂಚರ ಮಾತಿಗೆ ಮೇಲೊಬ್ಬ ಕುಳಿತಿದ್ದಾನೆಯೇ ಇಲ್ಲವೇ ಎಂಬುದೇ ಈ ಇಡೀ ಶಾಸ್ತ್ರದ ಹೃದಯ ಎಂಬುದನ್ನು ಆ ಪ್ರಸಂಗ ಒಂದು ಶತಮಾನದ ಹಿಂದೆಯೇ ತೋರಿಸಿಕೊಟ್ಟಿತು.

ಹಳೆಯ ಪಂಚಾಯಿತಿಯಲ್ಲಿ ಒಂದೇ ಮಾತಿಗೆ ಎಲ್ಲವೂ ಮುಗಿಯುತ್ತಿತ್ತು ಎಂದು ಹೇಳುವ ರೂಢಿ ಇದೆ. ಇದು ಭಾವುಕತೆ. ಕನ್ನಡ ನೆಲದ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವನ್ನು ನೋಡಿದರೆ ಸಾಕು. ಕುಲ, ಶ್ರೇಣಿ, ಪೂಗ, ರಾಜನು ನೇಮಿಸಿದವರು ಎಂದು ಅಲ್ಲಿ ನಿರ್ಣಾಯಕರ ಮೆಟ್ಟಿಲುಗಳು ಒಂದರ ಮೇಲೊಂದು ಇವೆ. ಕೆಳಗಿನವರು ಸರಿಯಾಗಿ ನೋಡಲಿಲ್ಲವೆಂದು ತೋರಿದವನು ಮೇಲಿನವರ ಬಳಿಗೆ ಹೋಗಬಹುದು. ಶ್ರೇಣಿಯೆಂದರೆ ಒಂದೇ ಕಸುಬಿನಿಂದ ಬದುಕುವವರ ಕೂಟ ಎಂದು ವಿವರಿಸಿ, ವೀಳ್ಯದೆಲೆ ಮಾರುವವರ, ಚರ್ಮದ ಕೆಲಸದವರ ಜೊತೆಗೆ ನೇಕಾರರನ್ನೂ ಅವನು ಉದಾಹರಿಸುತ್ತಾನೆ. ನೆಯ್ಗೆಯವರ ವ್ಯಾಜ್ಯವನ್ನು ನೆಯ್ಗೆ ಬಲ್ಲವರೇ ಮೊದಲು ನೋಡಬೇಕು, ಆದರೆ ಅವರ ಮಾತೇ ಕಡೆಯದಲ್ಲ ಎಂಬ ಈ ಎರಡು ಅಂಶಗಳನ್ನು ಒಟ್ಟಿಗೆ ಹಿಡಿದುದು ಆ ವ್ಯಾಖ್ಯಾನದ ಹೆಚ್ಚುಗಾರಿಕೆ. ಪಾಂಡೇಸರಾದ ವ್ಯಾಜ್ಯಗಳಿಗೆ ಇದಕ್ಕಿಂತ ಸಮೀಪದ ಚಿತ್ರ ಆಧುನಿಕ ಶಾಸನದಲ್ಲಿ ದೊರೆಯುವುದು ಕಷ್ಟ.

ಬ್ರಿಟಿಷರ ಕಾಲದ ಚರಿತ್ರೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಸೂರತ್ತೂ ಧಾರವಾಡವೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದಾಗ 1827ರ ಏಳನೆಯ ರೆಗ್ಯುಲೇಷನ್ನು ಪಂಚಾಯಿತಿ ತೀರ್ಪುಗಳಿಗೆ ನಿಯಮ ಮಾಡಿತು. 1899ರ ಕಾಯದೆ ಪ್ರಧಾನವಾಗಿ ಮುಂಬಯಿ, ಕಲಕತ್ತೆ, ಮದರಾಸು ಪಟ್ಟಣಗಳನ್ನು ಕಣ್ಣಮುಂದಿಟ್ಟುಕೊಂಡಿತ್ತು. 1940ರದು ಎಲ್ಲವನ್ನೂ ಒಂದುಗೂಡಿಸಿತು. ಪರದೇಶದ ತೀರ್ಪುಗಳಿಗೆ ಮಾತ್ರ 1937ರಲ್ಲಿ ಒಂದು, 1961ರಲ್ಲಿ ಇನ್ನೊಂದು ಎಂದು ಬೇರೆ ಕಾಯದೆಗಳು ಇದ್ದವು. 1940ರ ಕಾಯದೆಯಲ್ಲಿ ಪಂಚರು ತಮ್ಮ ತೀರ್ಪಿಗೆ ಕಾರಣ ಕೊಡಬೇಕಾದ ಅಗತ್ಯವಿರಲಿಲ್ಲ. 1989ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ ಹಾಗೆಯೇ ಹೇಳಿತು. ಕಾರಣವಿಲ್ಲದ ತೀರ್ಪನ್ನು ಸೋತವನು ಹೇಗೆ ನಂಬುವುದು? ಅವನು ಕೋರ್ಟಿಗೆ ಹೋದನು. ಗೆದ್ದವನೂ ತೀರ್ಪನ್ನು ಡಿಕ್ರಿಯಾಗಿಸಲು ಕೋರ್ಟಿಗೇ ಹೋಗಬೇಕಿತ್ತು. ಈ ಕಾಯದೆಯಡಿ ನಡೆಯುವ ಕಲಾಪಗಳನ್ನು ಕಂಡು ವಕೀಲರು ನಗುವಂತೆಯೂ ನ್ಯಾಯದ ತತ್ತ್ವಜ್ಞರು ಅಳುವಂತೆಯೂ ಆಗಿದೆ ಎಂಬ ಅರ್ಥದ ಮಾತನ್ನು 1981ರಲ್ಲಿ ಗುರುನಾನಕ್ ಫೌಂಡೇಶನ್ನಿನ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆಡಬೇಕಾಯಿತು.

ಇಂತಹ ಹಿನ್ನೆಲೆಯಲ್ಲಿ ಬಂದ 1996ರ ಶಾಸನದ ಗುಣಗಳನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ತೀರ್ಪಿಗೆ ಕಾರಣ ಕೊಡಬೇಕೆಂದು 31ನೆಯ ಕಲಮು ವಿಧಿಸಿತು. ಪಂಚರ ಸಂಖ್ಯೆ ಸಮವಾಗಿರಕೂಡದೆಂದು 10ನೆಯದು ಹೇಳಿತು. ಐತೀರ್ಪು ಎಂಬ ಪದದ ಒಳಗೇ ಈ ವಿವೇಕ ಅಡಗಿರುವುದನ್ನು ಗಮನಿಸಬಹುದು. ತೀರ್ಪನ್ನು ರದ್ದು ಮಾಡಿಸಲು ಮೂರು ತಿಂಗಳು, ತಕ್ಕ ಕಾರಣವಿದ್ದರೆ ಮೇಲೆ ಮೂವತ್ತು ದಿನ, ಅದರಾಚೆ ಇಲ್ಲ ಎಂಬ ಬಿಗಿಯನ್ನು 34ನೆಯದು ತಂದಿತು. ಆದರೆ ಈ ಗ್ರಂಥದ ಎರಕ ಹೊರಗಿನದು. ವಿಶ್ವಸಂಸ್ಥೆಯ ವ್ಯಾಪಾರ ಕಾನೂನಿನ ಆಯೋಗವು 1985ರಲ್ಲಿ ಒಂದು ಮಾದರಿ ಕಾನೂನನ್ನು ಸಿದ್ಧಗೊಳಿಸಿತು. ಅದು ಅಂತರರಾಷ್ಟ್ರೀಯ ವಾಣಿಜ್ಯದ ವ್ಯಾಜ್ಯಗಳಿಗೆಂದೇ, ಎಂದರೆ ಎರಡು ದೇಶಗಳ ಬಲವಂತರಾದ ವ್ಯಾಪಾರಿಗಳು ಪರಸ್ಪರರ ಕೋರ್ಟುಗಳನ್ನು ನಂಬದೆ ಮೂರನೆಯ ಸ್ಥಳದಲ್ಲಿ ಕೂಡಬೇಕಾದ ಸಂದರ್ಭಕ್ಕೆಂದು ಬರೆದುದು. ಅದನ್ನೇ ಭಾರತದ ಶಾಸನಕಾರರು ಮನೆಯ ವ್ಯಾಜ್ಯಕ್ಕೂ ತೊಡಿಸಿದರು. ಹಡಗಿನ ಹಾಯಿಯ ಬಟ್ಟೆಯಲ್ಲಿ ಮಗುವಿಗೆ ಅಂಗಿ ಹೊಲಿದಂತಾಯಿತು. ಬಟ್ಟೆ ಗಟ್ಟಿಯಾದುದೇ, ಸಂದೇಹವಿಲ್ಲ. ಮಗುವಿನ ಮೈಗೆ ಒರಟು.

ಒಂದೇ ಶಾಸನ ಇರುವುದರಿಂದ ಸರಳತೆ ಬರುತ್ತದೆ, ಪರದೇಶದ ಹೂಡಿಕೆದಾರನಿಗೆ ಭರವಸೆ ಹುಟ್ಟುತ್ತದೆ ಎಂದು ವಾದಿಸುವವರಿದ್ದಾರೆ. ಸರಳತೆ ಬಹುಕಾಲ ಉಳಿಯಲಿಲ್ಲ ಎಂಬುದೇ ಅದಕ್ಕೆ ಉತ್ತರ. 2003ರಲ್ಲಿ ಸಾ ಪೈಪ್ಸ್ ಮೊಕದ್ದಮೆಯಲ್ಲಿ ‘ಸಾರ್ವಜನಿಕ ನೀತಿ’ ಎಂಬ ಪದವನ್ನು ಹಿಗ್ಗಿಸಿ, ಎದ್ದು ಕಾಣುವ ಕಾನೂನುಭಂಗವಿದ್ದರೂ ತೀರ್ಪನ್ನು ರದ್ದು ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2015ರ ತಿದ್ದುಪಡಿ ಆ ಕಾರಣವನ್ನು ಇಬ್ಬರೂ ಭಾರತೀಯರಾಗಿರುವ ವ್ಯಾಜ್ಯಗಳಿಗೆ ಮಾತ್ರ ಉಳಿಸಿ, ಪರದೇಶದ ಪಕ್ಷವಿರುವಲ್ಲಿ ತೆಗೆದುಹಾಕಿತು. ಪಂಚರು ಹನ್ನೆರಡು ತಿಂಗಳೊಳಗೆ ತೀರ್ಪು ಕೊಡಬೇಕೆಂಬ ನಿಯಮವೂ ಅದೇ ವರ್ಷ ಬಂದಿತು. 2019ರಲ್ಲಿ ಅಂತರರಾಷ್ಟ್ರೀಯ ವ್ಯಾಜ್ಯಗಳನ್ನು ಆ ಕಟ್ಟುಪಾಡಿನಿಂದ ಬಿಡಿಸಲಾಯಿತು. ಹೀಗೆ ಒಂದೇ ಎರಕದಲ್ಲಿ ಹೊಯ್ದ ಗ್ರಂಥವನ್ನು ಹಿಂದಿನಿಂದ ಕೊಯ್ದು ಎರಡಾಗಿಸುತ್ತ ಬಂದಿದ್ದಾರೆ. ಮೊದಲೇ ಎರಡಾಗಿ ಬರೆದಿದ್ದರೆ ಮನೆಯ ವ್ಯಾಜ್ಯಕ್ಕೆ ಬೇಕಾದುದನ್ನು ಯೋಚಿಸಿ ಬರೆಯುವ ಅವಕಾಶವಾದರೂ ಇರುತ್ತಿತ್ತು.

ಬರವಣಿಗೆಯ ದೃಷ್ಟಿಯಿಂದ ಈ ಶಾಸನದ ಅತಿ ದೊಡ್ಡ ದೋಷ ‘ಸ್ಥಳ’ ಎಂಬ ಪದದಲ್ಲಿದೆ. 20ನೆಯ ಕಲಮಿನ ಮೊದಲೆರಡು ಉಪಕಲಮುಗಳಲ್ಲಿ ಆ ಪದಕ್ಕೆ ಒಂದು ಅರ್ಥ: ಮಧ್ಯಸ್ಥಿಕೆ ಯಾವ ನೆಲದ ಕಾನೂನಿಗೆ, ಯಾವ ಕೋರ್ಟಿನ ಮೇಲ್ವಿಚಾರಣೆಗೆ ಸೇರಿದುದೋ ಆ ಪೀಠಸ್ಥಾನ. ಮೂರನೆಯದರಲ್ಲಿ ಇನ್ನೊಂದು ಅರ್ಥ: ಪಂಚರು ಸಾಕ್ಷಿಗಳನ್ನು ಕೇಳಲು, ಮಾಲನ್ನು ನೋಡಲು ಅನುಕೂಲಕ್ಕಾಗಿ ಕೂಡುವ ಜಾಗ. ಪಾಂಡೇಸರಾದ ಗೋದಾಮಿನಲ್ಲಿ ಬಟ್ಟೆಯ ಥಾನುಗಳನ್ನು ಬಿಚ್ಚಿ ನೋಡಿದ ಮಾತ್ರಕ್ಕೆ ಸೂರತ್ ಪೀಠಸ್ಥಾನವಾಗುವುದಿಲ್ಲ. ಎರಡಕ್ಕೂ ಒಂದೇ ಪದ ಬಳಸಿದುದರಿಂದ ಕರಾರು ಬರೆಯುವವರೂ ಗೊಂದಲಕ್ಕೆ ಬಿದ್ದರು. ಎರಡನ್ನೂ ಬೇರೆ ಬೇರೆ ಪದಗಳಿಂದ ಗುರುತಿಸಬೇಕೆಂದು 2014ರಲ್ಲಿ ಕಾನೂನು ಆಯೋಗ ತನ್ನ 246ನೆಯ ವರದಿಯಲ್ಲಿ ಸಲಹೆ ಮಾಡಿತು. 2015ರ ತಿದ್ದುಪಡಿಯಲ್ಲಿ ಆ ಸಣ್ಣ ಸಲಹೆಗೆ ಎಡೆ ದೊರೆಯಲಿಲ್ಲ. ಅಷ್ಟರೊಳಗೆ ಇದೇ ಪದದ ಬೆನ್ನುಹತ್ತಿ ಸರ್ವೋಚ್ಚ ನ್ಯಾಯಾಲಯ ಒಂದು ಸುತ್ತು ತಿರುಗಿ ಬಂದಿತ್ತು: ಪೀಠಸ್ಥಾನ ಹೊರದೇಶದಲ್ಲಿದ್ದರೂ ಶಾಸನದ ಮೊದಲ ಭಾಗ ಅನ್ವಯಿಸುತ್ತದೆಂದು 2002ರ ಭಾಟಿಯಾ ತೀರ್ಪು; ಅನ್ವಯಿಸುವುದಿಲ್ಲವೆಂದು 2012ರ ಸೆಪ್ಟೆಂಬರ್ 6ರಂದು ಐವರ ಪೀಠ ಬಾಲ್ಕೋ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು. ಹೊಸ ತೀರ್ಪು ಮುಂದಿನ ಕರಾರುಗಳಿಗೆ ಮಾತ್ರ ಸಲ್ಲುವುದೆಂದು ಸೇರಿಸಿದುದರಿಂದ, ಹಳೆಯ ಕರಾರಿನವರು ಹಳೆಯ ತಪ್ಪಿನಲ್ಲಿಯೇ ಉಳಿಯಬೇಕಾಯಿತು.

ಈ ದೋಷದ ಪೂರ್ಣ ಸ್ವರೂಪವನ್ನು ಗುಜರಾತಿನದೇ ಒಂದು ಮೊಕದ್ದಮೆ ಬಯಲಿಗೆ ತಂದಿತು. ಅಹಮದಾಬಾದಿನ ಪಿ.ಎ.ಎಸ್.ಎಲ್. ವಿಂಡ್ ಸಲ್ಯೂಷನ್ಸ್ ಎಂಬ ಕಂಪನಿ ಗಾಳಿಯಂತ್ರಗಳಿಗೆ ಬೇಕಾದ ಪರಿವರ್ತಕಗಳನ್ನು 2010ರಲ್ಲಿ ಜಿ.ಇ. ಪವರ್ ಕನ್ವರ್ಷನ್ ಇಂಡಿಯಾದಿಂದ ಕೊಂಡಿತು. ಎರಡೂ ಭಾರತದಲ್ಲಿ ನೋಂದಾಯಿತವಾದ ಕಂಪನಿಗಳೇ. ಯಂತ್ರಗಳ ವಿಷಯದಲ್ಲಿ ಹುಟ್ಟಿದ ವ್ಯಾಜ್ಯವನ್ನು 2014ರ ಡಿಸೆಂಬರಿನ ಒಪ್ಪಂದದಿಂದ ಬಗೆಹರಿಸಿಕೊಂಡು, ಮುಂದೆ ತಕರಾರು ಬಂದರೆ ಝೂರಿಕ್ ನಗರದಲ್ಲಿ, ಇಂಗ್ಲಿಷ್ ಭಾಷೆಯಲ್ಲಿ, ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯ ನಿಯಮಗಳಂತೆ ತೀರ್ಮಾನವಾಗಬೇಕೆಂದು ಬರೆದುಕೊಂಡವು. ತಕರಾರು ಬಂದೇ ಬಂದಿತು. ಆಗ, ಇಬ್ಬರು ಭಾರತೀಯರು ಪರದೇಶದ ಪೀಠವನ್ನು ಆರಿಸಲಾಗದು ಎಂದು ಮೊದಲು ಆಕ್ಷೇಪಿಸಿದುದು ಜಿ.ಇ.; ಆರಿಸಬಹುದು ಎಂದುದು ಅಹಮದಾಬಾದಿನ ಕಂಪನಿ. ಪಂಚನು ಝೂರಿಕ್ಕೇ ಪೀಠವೆಂದು ಹೇಳಿ, ಅನುಕೂಲಕ್ಕಾಗಿ ಮುಂಬಯಿಯಲ್ಲಿ ಕುಳಿತು, 2019ರ ಏಪ್ರಿಲ್‌ನಲ್ಲಿ ಅಹಮದಾಬಾದಿನ ಕಂಪನಿಯ ವಿರುದ್ಧ ತೀರ್ಪು ಕೊಟ್ಟನು. ಕೂಡಲೇ ವಾದಗಳು ಅದಲುಬದಲಾದವು. ಜಿ.ಇ. ಝೂರಿಕ್ಕಿನ ತೀರ್ಪೆಂದು ಹಿಡಿದು ಗುಜರಾತ್ ಉಚ್ಚ ನ್ಯಾಯಾಲಯಕ್ಕೆ ಬಂದಿತು; ಸೋತ ಕಂಪನಿ ನಿಜವಾದ ಪೀಠ ಮುಂಬಯಿ ಎನ್ನತೊಡಗಿತು.

ಇಲ್ಲಿ ಶಾಸನದ ಪದಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. 2ನೆಯ ಕಲಮಿನ ವ್ಯಾಖ್ಯೆಯಂತೆ, ಪಕ್ಷಗಳಲ್ಲಿ ಒಂದಾದರೂ ಪರದೇಶದ್ದಾದರೆ ಮಾತ್ರ ಅದು ‘ಅಂತರರಾಷ್ಟ್ರೀಯ ವಾಣಿಜ್ಯ ಮಧ್ಯಸ್ಥಿಕೆ’. ಈ ವ್ಯಾಜ್ಯದಲ್ಲಿ ಪರದೇಶದವರು ಯಾರೂ ಇಲ್ಲವಾದುದರಿಂದ ಅದು ಅಂತರರಾಷ್ಟ್ರೀಯವಲ್ಲ. 44ನೆಯ ಕಲಮಿನಂತೆ ಪೀಠಸ್ಥಾನ ಹೊರಗಿದ್ದರೆ ತೀರ್ಪು ‘ವಿದೇಶೀ ತೀರ್ಪು’. ಆದುದರಿಂದ ಅದು ಸ್ವದೇಶದ್ದೂ ಅಲ್ಲ. ಹೀಗೆ ಎರಡು ವ್ಯಾಖ್ಯೆಗಳ ನಡುವೆ ಒಂದು ವ್ಯಾಜ್ಯ ತ್ರಿಶಂಕುವಾಗಿ ನಿಂತಿತು. ಉಚ್ಚ ನ್ಯಾಯಾಲಯ 2020ರ ನವೆಂಬರಿನಲ್ಲಿ ತೀರ್ಪನ್ನು ಜಾರಿಗೊಳಿಸಬಹುದೆಂದಿತಾದರೂ, ಆಸ್ತಿ ಕೈತಪ್ಪಿ ಹೋಗದಂತೆ 9ನೆಯ ಕಲಮಿನ ತಾತ್ಕಾಲಿಕ ರಕ್ಷಣೆ ಕೊಡಲಾಗದೆಂದಿತು. 2021ರ ಏಪ್ರಿಲ್ 20ರಂದು ಸರ್ವೋಚ್ಚ ನ್ಯಾಯಾಲಯ ಮೊದಲನೆಯದನ್ನು ಒಪ್ಪಿ, ಎರಡನೆಯದನ್ನು ತಿದ್ದಿತು. ಆ ತಿದ್ದುಪಡಿಗಾಗಿ ‘ಅಂತರರಾಷ್ಟ್ರೀಯ ವಾಣಿಜ್ಯ ಮಧ್ಯಸ್ಥಿಕೆ’ ಎಂಬ ಒಂದೇ ಪದಪುಂಜಕ್ಕೆ ಒಂದು ಕಡೆ ಪಕ್ಷಗಳ ರಾಷ್ಟ್ರೀಯತೆಯಿಂದಲೂ ಇನ್ನೊಂದು ಕಡೆ ಸ್ಥಾನದಿಂದಲೂ ಅರ್ಥ ಮಾಡಬೇಕಾಯಿತು. ಫಲಿತಾಂಶ ವ್ಯವಹಾರಕ್ಕೆ ಹಿತವಾದುದು. ಕೊಟ್ಟ ಮಾತಿಗೆ ಕಟ್ಟುಬೀಳಬೇಕೆಂಬುದು ಅದರ ತಿರುಳು. ಆದರೆ ನ್ಯಾಯಾಧೀಶರ ಜಾಣ್ಮೆಯಿಂದ ಮಾತ್ರ ನಿಲ್ಲುವ ವ್ಯಾಖ್ಯೆಯನ್ನು ಒಳ್ಳೆಯ ವ್ಯಾಖ್ಯೆ ಎನ್ನಲಾಗದು. ಇನ್ನೂ ಒಂದು ಪರಿಣಾಮವಿದೆ. ಬಲಿಷ್ಠನಾದ ಭಾರತೀಯನು ದುರ್ಬಲನಾದ ಭಾರತೀಯನಿಗೆ ಒಂದು ಸಾಲಿನ ಮೂಲಕ ದೂರದ ಪೀಠವನ್ನು ತೋರಿಸಿ, ಭಾರತದ ಕೋರ್ಟಿನಲ್ಲಿ ತೀರ್ಪನ್ನು ರದ್ದು ಮಾಡಿಸುವ 34ನೆಯ ಕಲಮಿನ ದಾರಿಯನ್ನೇ ತಪ್ಪಿಸಬಹುದು. ಗಾಳಿಯಂತ್ರದ ಕಂಪನಿಗೆ ಝೂರಿಕ್ಕಿನ ಖರ್ಚು ತಾಳಿಕೆಯಾದೀತು. ಬಣ್ಣದ ಗಿರಣಿಗೆ ಮುಂಬಯಿಯೇ ಝೂರಿಕ್ಕು.

ಬೆಂಗಳೂರಿನ ದೇವಾಸ್ ಪ್ರಕರಣವನ್ನು ಇದರೊಂದಿಗೆ ನೆನೆಯಬಹುದು. ಇಸ್ರೋ ಸಂಸ್ಥೆಯ ವಾಣಿಜ್ಯ ಅಂಗವಾದ ಆಂಟ್ರಿಕ್ಸ್, ದೇವಾಸ್ ಮಲ್ಟಿಮೀಡಿಯಾ ಇವೆರಡೂ ಬೆಂಗಳೂರಿನ ಕಂಪನಿಗಳು, ಕರಾರು 2005ರ ಜನವರಿಯದು, ಪೀಠ ದೆಹಲಿ. 2015ರ ಸೆಪ್ಟೆಂಬರಿನಲ್ಲಿ 56.25 ಕೋಟಿ ಡಾಲರುಗಳ ತೀರ್ಪು ಬಂದಿತು. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ದೇವಾಸ್ ಕಂಪನಿ ವಂಚನೆಯಿಂದ ಹುಟ್ಟಿದುದೆಂದು ಅದರ ವಿಸರ್ಜನೆಯನ್ನು ಎತ್ತಿಹಿಡಿಯಿತು. ಅದೇ ಆಗಸ್ಟಿನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ತೀರ್ಪನ್ನೇ ರದ್ದುಮಾಡಿತು. ಅಷ್ಟಾದರೂ ಆ ತೀರ್ಪಿನ ಹಣದ ವಸೂಲಿಯ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿ, 2025ರ ಜೂನ್‌ನಲ್ಲಿ ಅಲ್ಲಿಯ ಕೋರ್ಟಿನ ಅಧಿಕಾರವ್ಯಾಪ್ತಿಯ ಒಂದು ಅಂಶ ನಿರ್ಣಯವಾಯಿತು. ಮನೆಯ ವ್ಯಾಜ್ಯ, ಹೊರಗಿನ ವ್ಯಾಜ್ಯ ಎಂಬ ವಿಂಗಡಣೆ ಕಾಗದದ ಮೇಲೆ ಎಷ್ಟು ತೆಳುವೆಂಬುದಕ್ಕೆ ಇನ್ನೇನು ಬೇಕು?

ಇನ್ನು ಪಂಚನನ್ನು ಯಾರು ಆರಿಸಬೇಕೆಂಬ ಪ್ರಶ್ನೆ. ಮಾದರಿ ಕಾನೂನು ಸಮಾನರಿಗಾಗಿ ಬರೆದುದಾದುದರಿಂದ ಆಯ್ಕೆಯನ್ನು ಪಕ್ಷಗಳ ಇಷ್ಟಕ್ಕೆ ಬಿಟ್ಟಿತು. ಭಾರತದಲ್ಲಿ ಆ ಇಷ್ಟವೆಂದರೆ ಬಹುಕಾಲ ಒಂದೇ ಕಡೆಯ ಇಷ್ಟವಾಗಿದ್ದಿತು: ಸರಕಾರಿ ಇಲಾಖೆಯ ಗುತ್ತಿಗೆಯಲ್ಲಿ ಆ ಇಲಾಖೆಯ ಮುಖ್ಯ ಇಂಜಿನಿಯರನೇ ಪಂಚ. ವ್ಯಾಜ್ಯದಲ್ಲಿ ಹಿತಾಸಕ್ತಿಯುಳ್ಳವರು, ಪಕ್ಷದ ನೌಕರರು ಪಂಚರಾಗಕೂಡದೆಂದು 2015ರಲ್ಲಿ 12ನೆಯ ಕಲಮಿಗೆ ಸೇರ್ಪಡೆಯಾಯಿತು. ಹಾಗೆ ಅನರ್ಹನಾದವನು ಇನ್ನೊಬ್ಬನನ್ನು ನೇಮಿಸಲೂ ಆಗದೆಂದು 2019ರ ಪರ್ಕಿನ್ಸ್ ತೀರ್ಪು ಹೇಳಿತು. 2024ರ ನವೆಂಬರ್ 8ರಂದು ರೈಲ್ವೆ ವಿದ್ಯುದೀಕರಣದ ಮೊಕದ್ದಮೆಯಲ್ಲಿ ಸಂವಿಧಾನ ಪೀಠದ ಬಹುಮತವು, ಸರಕಾರದ ಕರಾರುಗಳಲ್ಲಿ ಒಂದೇ ಕಡೆಯವರು ಪಂಚನನ್ನು ನೇಮಿಸುವುದು ಸಮಾನತೆಯ ತತ್ತ್ವಕ್ಕೇ ವಿರುದ್ಧವೆಂದಿತು. ಇಪ್ಪತ್ತೆಂಟು ವರ್ಷಗಳ ಮೇಲೆ ಬಂದ ಈ ಮಾತು ಹಳ್ಳಿಯ ಪಂಚಾಯಿತಿಕಟ್ಟೆಯಲ್ಲಿ ಕುಳಿತವರಿಗೆ ಹೊಸದಾಗಿ ತೋರಲಾರದು. ಖರ್ಚಿನ ವಿಷಯವನ್ನೂ ಇದರ ಜೊತೆಗೆ ಹೇಳಬೇಕು. ಪಂಚರ ಸಂಭಾವನೆ ಎಲ್ಲೆಮೀರುತ್ತಿರುವುದನ್ನು 2009ರ ಸಿಂಗ್ ಬಿಲ್ಡರ್ಸ್ ತೀರ್ಪಿನಲ್ಲಿ ಎತ್ತಿ ಹೇಳಿದವರು ಕರ್ನಾಟಕದಿಂದ ಹೋದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಅವರು. ಶಾಸನದ ಮೂಲಪಾಠದಲ್ಲಿ ಆ ಬಗ್ಗೆ ಮಿತಿಯೇ ಇರಲಿಲ್ಲ. ದರಪಟ್ಟಿ ಸೇರಿದುದು 2015ರಲ್ಲಿ.

ಅಸಮಾನರ ನಡುವೆಯೂ ಪಂಚಾಯಿತಿ ಸಾಧ್ಯವೆಂಬುದಕ್ಕೆ ಗುಜರಾತಿನ ಚರಿತ್ರೆಯಲ್ಲಿಯೇ ದೊಡ್ಡ ನಿದರ್ಶನವಿದೆ. 1918ರ ಅಹಮದಾಬಾದ್ ಗಿರಣಿ ಹೋರಾಟವನ್ನು ಉಪವಾಸದ ಕಥೆಯೆಂದು ಎಲ್ಲರೂ ಬಲ್ಲರು. ಅದು ಮಧ್ಯಸ್ಥಿಕೆಯ ಕಥೆಯೂ ಹೌದು. ಪ್ಲೇಗಿನ ಬೋನಸ್ಸು ನಿಂತಾಗ ಕಾರ್ಮಿಕರ ಪರ ಗಾಂಧೀಜಿ, ವಲ್ಲಭಭಾಯಿ ಪಟೇಲ್, ಶಂಕರಲಾಲ್ ಬ್ಯಾಂಕರ್ ಎಂಬ ಮೂವರು, ಮಾಲಿಕರ ಪರ ಅಂಬಾಲಾಲ್ ಸಾರಾಭಾಯಿಯವರೂ ಸೇರಿ ಮೂವರು, ಮೇಲೆ ಕಲೆಕ್ಟರರು ಎಂದು ಪಂಚಮಂಡಲಿಯೊಂದು ಮೊದಲು ಏರ್ಪಟ್ಟಿತು. ಅದು ಮುರಿದುಬಿದ್ದು, ಫೆಬ್ರವರಿ 22ರಿಂದ ಗಿರಣಿಗಳಿಗೆ ಬೀಗ ಬಿದ್ದು, ಶೇಕಡ 20 ಕೊಡುವೆವೆಂಬ ಮಾಲಿಕರಿಗೂ 35 ಬೇಕೆಂಬ ಕಾರ್ಮಿಕರಿಗೂ ನಡುವೆ ದಾರಿ ಕಾಣದಾಯಿತು. ಮಾರ್ಚ್ 18ರಂದು ಆದ ಒಪ್ಪಂದವಾದರೂ ಏನು? ಮೊದಲ ದಿನ 35, ಎರಡನೆಯ ದಿನ 20, ಮೂರನೆಯ ದಿನದಿಂದ ತೀರ್ಪು ಬರುವವರೆಗೆ ಇಪ್ಪತ್ತೇಳೂವರೆ. ತೀರ್ಪು ಆನಂದಶಂಕರ ಧ್ರುವರದು. ಧ್ರುವರು ಸಂಸ್ಕೃತ ವಿದ್ವಾಂಸರು, ಅಧ್ಯಾಪಕರು, ವಕೀಲಿಯಿಂದ ಬದುಕುವವರಲ್ಲ. ಆಗಸ್ಟಿನಲ್ಲಿ ಅವರು 35ನ್ನೇ ಎತ್ತಿಹಿಡಿದರು; ಮಾಲಿಕರು ಕೊಟ್ಟರು. 1920ರಲ್ಲಿ ಗಾಂಧೀಜಿಯವರೂ ಸೇಠ್ ಮಂಗಲದಾಸರೂ ಇದ್ದ ಸ್ಥಾಯಿ ಪಂಚಾಯಿತಿ ಬಂದಿತು, ಮಜೂರ್ ಮಹಾಜನ ಸಂಘ ಹುಟ್ಟಿತು. ಆ ಪಂಚಾಯಿತಿಯ ಬೆನ್ನಿಗೆ ಯಾವ ಕಲಮೂ ಇರಲಿಲ್ಲ. ಇದ್ದುದು ಎದುರಾಳಿಗಳಿಬ್ಬರೂ ನಂಬಿದ ವ್ಯಕ್ತಿ, ಮತ್ತು ಮಾತು ತಪ್ಪಿದರೆ ನಾಳೆ ಗಿರಣಿ ನಡೆಯದೆಂಬ ತಿಳಿವು. ಇದನ್ನು ಆದರ್ಶವೆಂದು ಪೂಜಿಸುವುದೂ ಸರಿಯಲ್ಲ. ಮುಂದೆ ಆ ಪದ್ಧತಿ ಸೊರಗಿತು, ಗಿರಣಿಗಳೂ ಸೊರಗಿದವು. ಇಂದು ಕಾರ್ಮಿಕ ವ್ಯಾಜ್ಯಗಳಿಗೆ ಬೇರೆ ಶಾಸನ, ಬೇರೆ ನ್ಯಾಯಪೀಠ. 1996ರ ಗ್ರಂಥ ಅವುಗಳ ಬಾಗಿಲಲ್ಲಿಯೇ ನಿಲ್ಲುತ್ತದೆ. ಇದು ಒಳ್ಳೆಯದೇ. ಗಿರಣಿಯ ನೌಕರನ ನೇಮಕದ ಕಾಗದದಲ್ಲಿ ಒಂದು ಸಾಲು ಸೇರಿಸಿ ಅವನ ಸಂಬಳದ ಹಕ್ಕನ್ನು ಖಾಸಗಿ ಪಂಚನ ಕೈಗೆ ಕೊಡುವಂತಿದ್ದರೆ ಅನರ್ಥವಾಗುತ್ತಿತ್ತು.

ಕರಾರಿನ ಒಪ್ಪಿಗೆಯ ವಿಷಯದಲ್ಲಿ ಈ ಶಾಸನ ಅಷ್ಟು ಎಚ್ಚರ ವಹಿಸಿಲ್ಲ. 7ನೆಯ ಕಲಮಿಗೆ ಬೇಕಾದುದು ಬರಹ ಮಾತ್ರ: ಸಹಿ ಹಾಕಿದ ಕಾಗದ, ಪತ್ರವ್ಯವಹಾರ, ಇಲ್ಲವೇ ಮತ್ತೊಂದು ಕಾಗದದ ಕರಾರನ್ನು ಇದರೊಳಗೆ ಎಳೆದುಕೊಳ್ಳುವ ಉಲ್ಲೇಖ. ಓದಲು ಬಾರದ ಭಾಷೆಯಲ್ಲಿ, ಸಣ್ಣ ಅಕ್ಷರದಲ್ಲಿ ಇದ್ದರೂ ಸಹಿ ಸಹಿಯೇ. ಮಧ್ಯಸ್ಥಿಕೆ ಯಾವ ಭಾಷೆಯಲ್ಲಿ ನಡೆಯಬೇಕೆಂಬುದನ್ನು ಪಕ್ಷಗಳೇ ಆರಿಸಬಹುದೆಂದು 22ನೆಯ ಕಲಮು ಉದಾರವಾಗಿ ಹೇಳುತ್ತದೆ. ಆರಿಸದಿದ್ದರೆ ಪಂಚರು ನಿರ್ಧರಿಸುವರು. ಹುಬ್ಬಳ್ಳಿಯ ಅಂಗಡಿಗಾರನೂ ಸೂರತಿನ ವರ್ತಕನೂ ಹರಕುಮುರುಕು ಹಿಂದಿಯಲ್ಲಿ ಹತ್ತು ವರ್ಷ ಸುಗಮವಾಗಿ ವ್ಯಾಪಾರ ಮಾಡಿರಬಹುದು. ವ್ಯಾಜ್ಯ ಹುಟ್ಟಿದ ದಿನ ಇಬ್ಬರೂ ತಮಗೆ ಬಾರದ ಇಂಗ್ಲಿಷಿನಲ್ಲಿ ಎದುರುಬದುರಾಗುತ್ತಾರೆ. ಕನ್ನಡದಲ್ಲಿ ನಡೆಸಲು ಅಡ್ಡಿಯಿಲ್ಲ ಎಂಬ ಈ ಅವಕಾಶವನ್ನು ಕರ್ನಾಟಕದೊಳಗಿನ ಕರಾರುಗಳಾದರೂ ಬಳಸಿಕೊಳ್ಳಬಹುದಲ್ಲವೆ? ಅದಕ್ಕೆ ಹೊಸ ಶಾಸನ ಬೇಕಾಗಿಲ್ಲ, ಕರಾರಿನಲ್ಲಿ ಒಂದು ಸಾಲು ಸಾಕು.

ಸಣ್ಣ ಗಿರಣಿಗೆ ನಿಜವಾದ ಆಸರೆ ಬಂದುದು ಈ ಗ್ರಂಥದಿಂದಲ್ಲ, ಪಕ್ಕದ ಗ್ರಂಥದಿಂದ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯದೆಯು, ಸಣ್ಣ ಉದ್ಯಮಿ ಸಲ್ಲಿಸಿದ ಮಾಲಿಗೆ ಅಥವಾ ಸೇವೆಗೆ ಹೆಚ್ಚೆಂದರೆ 45 ದಿನಗಳಲ್ಲಿ ಹಣ ಕೊಡಬೇಕೆಂದೂ, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳು ತಿಂಗಳು ಚಕ್ರಬಡ್ಡಿಯಾಗಿ ತೆರಬೇಕೆಂದೂ ವಿಧಿಸುತ್ತದೆ. ವ್ಯಾಜ್ಯವನ್ನು ಸರಕಾರ ರಚಿಸಿದ ಮಂಡಳಿಯೊಂದು ಮೊದಲು ರಾಜಿಗೆ ತಂದು, ಆಗದಿದ್ದರೆ ತಾನೇ ಪಂಚಾಯಿತಿ ನಡೆಸುತ್ತದೆ. ರಾಜಿ ಮಾಡಿಸಿದವನೇ ತೀರ್ಪುಗಾರನಾಗಕೂಡದೆಂಬುದು 1996ರ ಶಾಸನದ 80ನೆಯ ಕಲಮಿನ ತತ್ತ್ವ. ಗುಜರಾತಿನ ನಾಗರಿಕ ಸರಬರಾಜು ನಿಗಮಕ್ಕೂ ಮಹಾಕಾಲಿ ಫುಡ್ಸ್ ಎಂಬ ಕಂಪನಿಗೂ ಸಂಬಂಧಿಸಿದ ಮೊಕದ್ದಮೆಯಲ್ಲಿ, 2022ರ ಅಕ್ಟೋಬರ್ 31ರಂದು, ಸರ್ವೋಚ್ಚ ನ್ಯಾಯಾಲಯ ಈ ತೊಡಕನ್ನು ನೇರವಾಗಿ ಬಿಡಿಸಿತು: 2006ರ ವಿಶೇಷ ಕಾಯದೆ ಮೇಲು, ಕರಾರಿನಲ್ಲಿ ಬೇರೆ ಪಂಚಾಯಿತಿಯ ಮಾತಿದ್ದರೂ ಸಣ್ಣ ಉದ್ಯಮಿ ಮಂಡಳಿಗೆ ಹೋಗಬಹುದು, ರಾಜಿಗೆ ಯತ್ನಿಸಿದ ಮಂಡಳಿಯೇ ತೀರ್ಪನ್ನೂ ಕೊಡಬಹುದು. ಮಾದರಿ ಕಾನೂನಿನ ಶುದ್ಧಿಯನ್ನು ಮೆಚ್ಚುವವರಿಗೆ ಇದು ಅಪಚಾರವಾಗಿ ಕಂಡಿತು. ಆದರೆ ದಲಾಲನೂ ಸಂಘದ ಹಿರಿಯರೂ ಯಾವಾಗಲೂ ಮಾಡುತ್ತ ಬಂದಿರುವುದು ಇದನ್ನೇ. ಮೊದಲು ಒಪ್ಪಿಸಲು ನೋಡುತ್ತಾರೆ. ಒಪ್ಪದಿದ್ದರೆ ಇಷ್ಟು ಎಂದು ಹೇಳುತ್ತಾರೆ.

ಈ ಆಸರೆಯೂ ಪೂರ್ಣವಲ್ಲ. ಪಾಂಡೇಸರಾದ ಗಿರಣಿಕಾರನಿಗೂ ಮಗ್ಗದವನಿಗೂ ಅದು ದೊರೆಯುತ್ತದೆ. ವರ್ತಕನಿಗೆ ದೊರೆಯುವುದಿಲ್ಲ: 2021ರ ಜುಲೈಯಲ್ಲಿ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳನ್ನು ಸಣ್ಣ ಉದ್ಯಮಗಳ ಪಟ್ಟಿಗೆ ಸೇರಿಸಿದಾಗ ಬ್ಯಾಂಕುಗಳ ಆದ್ಯತೆಯ ಸಾಲದ ಅನುಕೂಲವೊಂದನ್ನೇ ಕೊಡಲಾಯಿತು. ಹೀಗಾಗಿ ಗಿರಣಿಗೆ 45 ದಿನಗಳಲ್ಲಿ ಕೂಲಿ ತೆರಬೇಕಾದ ರಿಂಗ್ ರೋಡಿನವನು, ದಕ್ಷಿಣದ ಅಂಗಡಿಗಾರನಿಂದ ತನಗೆ ಬರಬೇಕಾದ ಹಣಕ್ಕೆ ಹಳೆಯ ದಾರಿಯನ್ನೇ ಹಿಡಿಯಬೇಕು. ಮಂಡಳಿಯ ತೀರ್ಪನ್ನು ಪ್ರಶ್ನಿಸುವ ಕೊಳ್ಳುವವನು ತೀರ್ಪಿನ ಮೊತ್ತದ ನೂರಕ್ಕೆ 75ರಷ್ಟನ್ನು ಮೊದಲು ಕೋರ್ಟಿನಲ್ಲಿ ಇಡಬೇಕು. 1996ರ ಶಾಸನದಡಿ ತೀರ್ಪು ಪಡೆದವನಿಗೆ ಅಂತಹ ಭದ್ರತೆ ನಿಯಮದಿಂದಲೇ ಬರುವುದಿಲ್ಲ. ಅರ್ಜಿ ಹಾಕಿದ ಮಾತ್ರಕ್ಕೆ ತೀರ್ಪು ತಡೆಯಲ್ಪಡುತ್ತಿದ್ದ ಹಿಂದಿನ ಸ್ಥಿತಿ 2015ರಲ್ಲಿ ತಪ್ಪಿತು ಎಂಬುದಷ್ಟೇ ಅವನ ಲಾಭ. ತೀರ್ಪಿನಲ್ಲಿ ಬಡ್ಡಿಯ ಲೆಕ್ಕವೊಂದು ತಪ್ಪಿದ್ದರೂ ಕೋರ್ಟು ಅದನ್ನು ತಿದ್ದಬಹುದೇ, ಇಲ್ಲವೇ ಇಡೀ ತೀರ್ಪನ್ನು ಹರಿದು ಮತ್ತೆ ಮೊದಲಿಂದ ಆರಂಭಿಸಬೇಕೇ ಎಂಬುದನ್ನು ಶಾಸನ ಹೇಳಿರಲಿಲ್ಲ. ತಿದ್ದಲಾಗದೆಂದು 2021ರಲ್ಲಿ ಹೇಳಿದ ಸರ್ವೋಚ್ಚ ನ್ಯಾಯಾಲಯವೇ 2025ರ ಏಪ್ರಿಲ್ 30ರಂದು, ಗಾಯತ್ರಿ ಬಾಲಸಾಮಿ ಮೊಕದ್ದಮೆಯಲ್ಲಿ, ನಾಲ್ವರ ಬಹುಮತದಿಂದ, ಮಿತವಾಗಿ ತಿದ್ದಬಹುದೆಂದು ತೀರ್ಮಾನಿಸಿತು. ಐದನೆಯವರಾದ ನ್ಯಾಯಮೂರ್ತಿ ಕೆ. ವಿ. ವಿಶ್ವನಾಥನ್ ಅವರು ಒಪ್ಪಲಿಲ್ಲ. ಶಾಸನ ಕೊಡದ ಅಧಿಕಾರವನ್ನು ಕೋರ್ಟು ತಾನಾಗಿ ಪಡೆಯಲಾಗದು ಎಂಬುದು ಅವರ ನಿಲುವು. ಗ್ರಂಥದ ಅಕ್ಷರಗಳನ್ನು ನೋಡಿದರೆ ಅವರ ಮಾತೇ ಸರಿ. ಲೆಕ್ಕದ ತಪ್ಪೊಂದಕ್ಕಾಗಿ ಮತ್ತೆ ಮೂರು ವರ್ಷ ಕಾಯಬೇಕಾದವನನ್ನು ನೋಡಿದರೆ ನಾಲ್ವರದು ಸರಿ.